ಎದಿ ಬಡೀತೈತಿ, ಜೀವ ಐತೇನು?

"ಸಿಸ್ಟರ್, ಮೈ ಬೆಚ್ಚಗೈತಿ, ಟಿವಿ ಮ್ಯಾಲ ಎದಿ ಬಡಿಯೂದು ಕಾಣಾಕತ್ತೈತಿ, ಮತ್ತ ಡಾಕ್ಟರ್ ಹೆಂಗ ಮುಗೀತು ಅಂತಾರ?" ಮಾನಿಟರ್‌ಗೆ ನಮ್ಮ ಮಂದಿ ಟಿವಿ ಅಂತಾರ. ಬೆಳಗಾವಿಯ ಒಂದು ದವಾಖಾನಿಯ ಐಸಿಯುದಾಗ ನಾ ನರ್ಸ್, ಈ ಪ್ರಶ್ನಿ ಕೇಳಿದ ತಾಯಂದಿರು, ಅಣ್ಣತಮ್ಮರು, ಹೆಂಡ್ರು ಎಷ್ಟ ಮಂದಿ ಅಂತ ಲೆಕ್ಕ ಇಟ್ಟಿಲ್ಲ. ಗೋಕಾಕದವ್ರು, ಸವದತ್ತಿಯವ್ರು, ಜಮಖಂಡಿ ಕಡೆಯವ್ರು, ಹೈವೇದಾಗ ಬೈಕ್ ಬಿದ್ದು ಬಂದ ಹುಡುಗ್ರ ಮನಿಮಂದಿ. ಡಾಕ್ಟರ್ ಹೇಳೂದು ಮೆದುಳಿನ ಕಾಂಡ, ಅಂದ್ರ ಉಸಿರಾಟ ನಡಸೂ ಮೆದುಳಿನ ಬುಡದ ಭಾಗ, ಸತ್ತೈತಿ ಅಂತ, ಮಂದಿಗೆ ಕಾಣೂದು ಏರಿ ಇಳಿಯೂ ಎದಿ. ಈ ಎರಡರ ನಡುವ ನಿಂತು ಮಾತಾಡೂದು ನಮ್ಮ ಪಾಲಿಗೆ ಬರ್ತೈತಿ.

ಹೋದ ವರ್ಷ ಆನ್‌ಲೈನ್‌ದಾಗ ಒಂದು ಬಯೋಎಥಿಕ್ಸ್ (ವೈದ್ಯಕೀಯ ನೀತಿ) ಕೋರ್ಸ್ ಮಾಡಾಕತ್ತಿದ್ದೆ, ಅದರಾಗ ಬೇರೆ ಬೇರೆ ಧರ್ಮದವ್ರು ಸಾವನ್ನ ಹೆಂಗ ನಿರ್ಧಾರ ಮಾಡ್ತಾರ ಅನ್ನೋ ಪಾಠ ಇತ್ತು, ಯಹೂದಿ ಧರ್ಮಶಾಸ್ತ್ರದ ಭಾಗಕ್ಕ ಬಂದ ಕೂಡ್ಲೆ ನಾ ಅಲ್ಲೇ ನಿಂತ್ಬಿಟ್ಟೆ. ಯಾಕಂದ್ರ ನಮ್ಮ ಐಸಿಯು ಬಾಗಲದಾಗ ಮಂದಿ ಕೇಳೋ ಪ್ರಶ್ನಿನ ಅವ್ರ ರಬ್ಬಿಗಳು, ಅಂದ್ರ ಧರ್ಮಪಂಡಿತರು, ಸುಮಾರು 2000 ವರ್ಷದಿಂದ ಕೇಳ್ಕೋತ ಬಂದಾರ, ಇನ್ನೂ ಜಗಳ ಮುಗಿದಿಲ್ಲ, ಮತ್ತ ಆ ಜಗಳದಾಗ ಯಾರೂ ಹಗುರಾಗಿ ಮಾತಾಡೂದಿಲ್ಲ. ಅಂದಂಗ ಯಹೂದಿಗಳು ನಮಗ ಬಾಳ ದೂರದವ್ರೂ ಅಲ್ಲ. ಇಲ್ಲಿಂದ ಘಾಟ್ ಇಳಿದ್ರ ಕೊಂಕಣ, ಕೊಂಕಣದ ರಾಯಗಡ ಕಡೆ ಬೆನೆ ಇಸ್ರೇಲ್ ಯಹೂದಿಗಳು ನೂರಾರು ವರ್ಷ ಗಾಣ ಹಾಕಿ ಎಣ್ಣಿ ತಗೀತಿದ್ರು, ಶನಿವಾರ ಗಾಣ ನಿಲ್ಲಸ್ತಿದ್ರು ಅಂತ ಅವ್ರಿಗೆ ಶನಿವಾರ ತೇಲಿ, ಅಂದ್ರ ಶನಿವಾರದ ಗಾಣಿಗರು, ಅಂತನ ಹೆಸರು.

ಆ ಶನಿವಾರದ ನಿಯಮದಿಂದನ ಈ ಚರ್ಚಾ ಚಾಲೂ ಆಗ್ತೈತಿ ನೋಡ್ರಿ. ಶಬ್ಬಾತ್, ಅಂದ್ರ ಅವ್ರ ಪವಿತ್ರ ಶನಿವಾರ, ಆ ದಿನ ಕೆಲ್ಸ ಮಾಡಂಗಿಲ್ಲ, ಮಣ್ಣು ಅಗಿಯಂಗಿಲ್ಲ. ಆದ್ರ ಒಬ್ಬನ ಮ್ಯಾಲ ಗ್ವಾಡಿ ಬಿತ್ತು, ಒಳಗ ಅವ ಇದ್ದಾನೋ ಇಲ್ಲೋ, ಇದ್ರೂ ಜೀವ ಐತೋ ಇಲ್ಲೋ ಗೊತ್ತಿಲ್ಲ, ಆಗೇನು? ಯಹೂದಿಗಳ ಹಳೇ ಧರ್ಮಚರ್ಚಾದ ಗ್ರಂಥ ತಾಲ್ಮುಡ್‌ನ ಯೋಮಾ ಅನ್ನೋ ಭಾಗದಾಗ ಇದರ ಉತ್ತರ ಐತಿ: ಅಗೀರಿ. ಸಂಶಯ ಇದ್ರೂ ಅಗೀರಿ. ಒಂದು ತಾಸು ಬದುಕ್ತಾನ ಅನ್ನೂದಿದ್ರೂ ಅಗೀರಿ. ಎಲ್ಲೀ ತನಕ ಅಗದು ನೋಡ್ಬೇಕು ಅನ್ನೂದಕ್ಕ ಒಂದು ಪಕ್ಷ ಮೂಗಿನ ತನಕ ಅಂತು, ಇನ್ನೊಂದು ಪಕ್ಷ ಎದಿ ತನಕ ಸಾಕು ಅಂತು. ಆಮ್ಯಾಲ ರಾವ್ ಪಾಪಾ ಅನ್ನೋ ಪಂಡಿತ ಹೇಳ್ತಾನ, ಈ ಜಗಳ ಕಾಲ ಕಡೆಯಿಂದ ಅಗದ್ರ ಮಾತ್ರ, ತಲಿ ಕಡೆಯಿಂದ ಅಗದ್ರ ಮೂಗು ನೋಡಿದ್ರ ಮುಗೀತು, ಮುಂದ ನೋಡೂ ಕಾರಣ ಇಲ್ಲ. ಅದಕ್ಕ ಆಧಾರ ಬೈಬಲಿನ ಪ್ರಳಯದ ಕತಿ, ಮೂಗಿನ್ಯಾಗ ಜೀವದ ಉಸಿರು ಇದ್ದವೆಲ್ಲ ಸತ್ತು ಅನ್ನೋ ಸಾಲು.

2019ರ ಆಗಸ್ಟ್‌ನಾಗ ಬೆಳಗಾವಿ, ಬಾಗಲಕೋಟಿ ಜಿಲ್ಲಾದಾಗ ಎಷ್ಟ ಮಣ್ಣಿನ ಮನಿ ಬಿದ್ದುವು ಅಂತ ನೀವೆಲ್ಲಾ ನೋಡೀರಿ. ಗ್ವಾಡಿ ಕೆಳಗಿಂದ ಎಳಕೊಂಡು ಬಂದವ್ರ ಮೂಗಿನ ಹತ್ರ ಮೊದಲ ಕೈ ಹಿಡಿಯೂದು ನಮ್ಮಲ್ಲೂ ಅದ. ಹಳ್ಳ್ಯಾಗ ಹಿರೇರು ಹತ್ತಿ ಎಳಿ ಮೂಗಿಗೆ ಹಿಡಿದು, ಅಲಗ್ಯಾಡ್ತೈತೇನು ಅಂತ ನೋಡ್ತಾರ. ಪುಸ್ತಕ ಓದಿದ್ದಲ್ಲ, ಯಾರೂ ಕಲಿಸಿದ್ದೂ ಅಲ್ಲ. ಮುಧೋಳ ಹತ್ರದ ನಮ್ಮೂರಾಗ ನಮ್ಮಜ್ಜಿ ಹೋದಾಗ ನಮ್ಮ ಕಾಕಾ ಮಾಡಿದ್ದೂ ಅದನ್ನ. ಹಂಗಾಗಿ ಯೋಮಾದ ಈ ಭಾಗ ಓದೂವಾಗ ನನಗ ಅದು ಪರದೇಶದ್ದು ಅನ್ನಿಸ್ಲೇ ಇಲ್ಲ.

ಇನ್ನೊಂದು ಕಡೆ, ತಾಲ್ಮುಡ್‌ಗೆ ಮೂಲವಾದ ಮಿಶ್ನಾ ಗ್ರಂಥದಾಗ, ಓಹೋಲೋತ್ ಅನ್ನೋ ಭಾಗದಾಗ, ತಲಿ ಕಡದು ಹೋದ ಪ್ರಾಣಿ ಒದ್ದಾಡಿದ್ರೂ ಅದು ಸತ್ತಂಗ ಲೆಕ್ಕ ಅಂತೈತಿ, ಹಲ್ಲಿ ಬಾಲ ಕಡದ ಮ್ಯಾಲೂ ಕುಣಿಯೂದಿಲ್ಲೇನು ಹಂಗ. ಅಂದ್ರ ಚಲನಾ ಇದ್ದ ಮಾತ್ರಕ್ಕ ಜೀವ ಐತಿ ಅಂತಲ್ಲ. ಈ ಎರಡು ಮಾತು, ಮೂಗಿನ ಉಸಿರು ಮತ್ತ ಕಡದ ತಲಿ, ಇವನ್ನ ನೆನಪಿಡ್ರಿ. ಇಪ್ಪತ್ತನೇ ಶತಮಾನದ ಜಗಳ ಪೂರಾ ಇವೆರಡರ ಮ್ಯಾಲ ನಿಂತೈತಿ.

(ಜೀವ ಎಂದಿಂದ ಚಾಲೂ ಅನ್ನೂದಕ್ಕೂ ಅದೇ ಓಹೋಲೋತ್‌ದಾಗ ಒಂದು ನಿಯಮ ಐತಿ, ಹೆರಿಗಿ ಕಠಿಣ ಆಗಿ ತಾಯಿ ಜೀವಕ್ಕ ಬಂದ್ರ ತಾಯಿನ ಉಳಿಸೂದ ಮೊದಲು, ಆದ್ರ ಕೂಸಿನ ಹೆಚ್ಚಿನ ಭಾಗ ಹೊರಗ ಬಂದ ಮ್ಯಾಲ ಅದನ್ನ ಮುಟ್ಟಂಗಿಲ್ಲ, ಒಂದು ಜೀವಕ್ಕ ಇನ್ನೊಂದು ಜೀವ ಕೊಡಂಗಿಲ್ಲ. ಅದು ಬೇರೇನ ದೊಡ್ಡ ವಿಷಯ, ಇವತ್ತ ಅಲ್ಲಿಗೆ ಹೋಗೂದಿಲ್ಲ.)

ಆಮ್ಯಾಲ 1772ರಾಗ ಜರ್ಮನಿಯ ಮೆಕ್ಲೆನ್‌ಬರ್ಗ್ ಶ್ವೆರಿನ್‌ನ ದೊರಿ ಒಂದು ಹುಕುಂ ಮಾಡಿದ, ಯಹೂದಿಗಳು ಸತ್ತವ್ರನ್ನ ಅವತ್ತೇ ಹೂಳಬ್ಯಾಡ್ರಿ, ಮೂರು ದಿನ ಕಾಯ್ರಿ, ಜೀವಂತ ಹೂಳಿಬಿಟ್ರ ಹೆಂಗ ಅಂತ. ಯಹೂದಿಗಳಿಗೆ ಅವತ್ತೇ ಹೂಳೂದು ಧರ್ಮ. ತತ್ವಜ್ಞಾನಿ ಮೋಸೆಸ್ ಮೆಂಡೆಲ್‌ಸನ್ ದೊರಿ ಮಾತು ಸರಿ ಅಂದ್ರು, ರಬ್ಬಿ ಜಾಕೋಬ್ ಎಂಡೆನ್ ಸಾಧ್ಯ ಇಲ್ಲ ಅಂದ್ರು. ಮುಂದ ಹತ್ತೊಂಬತ್ತನೇ ಶತಮಾನದಾಗ ರಬ್ಬಿ ಮೋಶೆ ಸೋಫರ್ ಒಂದು ತೀರ್ಪು ಬರದ್ರು: ಕಲ್ಲಿನಂಗ ಅಲಗ್ಯಾಡದ ಬಿದ್ದಿರ್ಬೇಕು, ನಾಡಿ ಇರಬಾರ್ದು, ಆಮ್ಯಾಲ ಉಸಿರೂ ನಿಂತಿರ್ಬೇಕು, ಆಗ ಸಾವು, ಮತ್ತ ಕಾಯಬ್ಯಾಡ್ರಿ. ಆ ಕಾಲಕ್ಕ ಈ ಮೂರೂ ಕೂಡೇ ಬರ್ತಿದ್ವು, ಹೆಚ್ಚೂ ಕಡಿಮಿ ಅಂದ್ರ ಸ್ವಲ್ಪ ಹೊತ್ತಿನ ಫರಕು. ಹಂಗಾಗಿ ಯಾವುದು ಮುಖ್ಯ ಅಂತ ಕೇಳೂ ಪ್ರಸಂಗನ ಬಂದಿರ್ಲಿಲ್ಲ.

ಉಸಿರಾಡಿಸೂ ಮಷೀನು ವೆಂಟಿಲೇಟರ್ ಬಂತು, ಮೂರನ್ನೂ ಬ್ಯಾರೆ ಬ್ಯಾರೆ ಮಾಡ್ತು. ಈಗ ಉಸಿರು ಮಷೀನಿಂದು, ನಾಡಿ ರೋಗಿದು, ಮೈ ಅಲಗ್ಯಾಡೂದಿಲ್ಲ. 1967ರ ಡಿಸೆಂಬರ್ 3ಕ್ಕ ಕೇಪ್‌ಟೌನ್‌ನಾಗ ಕ್ರಿಶ್ಚಿಯನ್ ಬರ್ನಾರ್ಡ್ ಒಬ್ಬ ಮನಷ್ಯಾನ ಹೃದಯ ಇನ್ನೊಬ್ಬಗ ಹಾಕಿದ್ರು, ಎರಡೂವರಿ ತಿಂಗಳಿನ್ಯಾಗ ನಮ್ಮ ಮುಂಬೈಯ ಕೆಇಎಂ ದವಾಖಾನಿಯಾಗ ಡಾ. ಪಿ.ಕೆ. ಸೇನ್ ಅದನ್ನ ಮಾಡಿದ್ರು, ರೋಗಿ ಕೆಲವೇ ತಾಸು ಉಳಿದ ಅನ್ನೂದು ಖರೆ, ಆದ್ರ ಅಷ್ಟ ಬೇಗ ಇಲ್ಲಿ ಅದು ಆಗಿತ್ತು. 1968ರಾಗ ಹಾರ್ವರ್ಡ್‌ನ ಕಮಿಟಿ, ಮೆದುಳು ಪೂರಾ ಕೆಲ್ಸ ನಿಲ್ಲಿಸಿ ಮತ್ತ ಬರಂಗಿಲ್ಲ ಅಂತಾದ್ರ ಅದನ್ನ ಸಾವು ಅಂತ ತಗೋಬೇಕು ಅಂತ ಬರೀತು.

ರಬ್ಬಿಗಳಿಗೆ ಇದು ಸಣ್ಣ ಮಾತಾಗ್ಲಿಲ್ಲ. ಅಮೆರಿಕಾದ ಆ ಕಾಲದ ಅತಿ ದೊಡ್ಡ ಧರ್ಮಪಂಡಿತ ರಬ್ಬಿ ಮೋಶೆ ಫೈನ್‌ಸ್ಟೈನ್ 1968ರಾಗ ಹೃದಯ ಕಸಿ ಅಂದ್ರ ಇಬ್ಬರ ಕೊಲಿ ಅಂತ ಬರದ್ರು, ಕೊಟ್ಟವಂದೂ ತಗೊಂಡವಂದೂ, ಯಾಕಂದ್ರ ಆಗ ತಗೊಂಡವ್ರೂ ಉಳೀತಿರ್ಲಿಲ್ಲ. ಅದೇ ಫೈನ್‌ಸ್ಟೈನ್ 1976ರಾಗ ಇನ್ನೊಂದು ಪತ್ರ ಬರದ್ರು. ಮೆದುಳಿಗೆ ರಕ್ತ ಹೋಗ್ತೈತೋ ಇಲ್ಲೋ ಅಂತ ತೋರ್ಸೋ ಹೊಸ ಪರೀಕ್ಷಾ ಬಂದೈತಿ, ರಕ್ತ ಹೋಗೂದು ಪೂರಾ ನಿಂತಿದ್ರ, ಮೆದುಳು ಕೊಳಿಯಾಕತ್ತಿದ್ರ, ಅದು ತಲಿ ಕಡದಂಗನ ಆಯ್ತು ಅನ್ನೋ ಧಾಟಿಯ ಪತ್ರ ಅದು. ಓಹೋಲೋತ್‌ದ ಹಲ್ಲಿ ಬಾಲ ಇಲ್ಲಿ ಮತ್ತ ಬಂತು. ಅವ್ರ ಅಳಿಯ ಮೋಶೆ ಟೆಂಡ್ಲರ್ ರಬ್ಬಿನೂ ಹೌದು, ಬಯಾಲಜಿ ಪ್ರೊಫೆಸರೂ ಹೌದು, ಜೀವನಪೂರ್ತಿ ಇದನ್ನ ಎತ್ತಿ ಹಿಡಿದ್ರು: ಸ್ವಂತ ಉಸಿರು ತಗೊಳೂ ಶಕ್ತಿ ಶಾಶ್ವತ ಹೋದ್ರ ಅದು ಸಾವು, ಮಷೀನ್ ಊದೂ ಗಾಳಿ ಉಸಿರಲ್ಲ. ಇಸ್ರೇಲ್‌ನ ಮುಖ್ಯ ರಬ್ಬಿಗಳ ಮಂಡಳಿ 1986ರಾಗ ಈ ಕಡೆ ನಿಂತು ಹೃದಯ ಕಸಿಗೆ ಒಪ್ಪಿಗಿ ಕೊಡ್ತು.

ಆದ್ರ ಅಷ್ಟೇ ದೊಡ್ಡವ್ರು ಒಪ್ಪಲಿಲ್ಲ. ಜೆರುಸಲೇಮ್‌ನ ರಬ್ಬಿ ಎಲ್ಯಾಶಿವ್, ರಬ್ಬಿ ವಾಲ್ಡೆನ್‌ಬರ್ಗ್, ಅಮೆರಿಕಾದ ರಬ್ಬಿ ಡೇವಿಡ್ ಬ್ಲೈಶ್, ಇವ್ರು ಹೇಳೂದು, ಗ್ವಾಡಿ ಕೆಳಗ ಬಿದ್ದವನ ಮೂಗು ನೋಡೂದು ಯಾಕ? ಉಸಿರು ನಿಂತ್ರ ಎದಿನೂ ನಿಂತಿರ್ತೈತಿ ಅನ್ನೂದಕ್ಕ. ಎದಿ ಬಡಿಯೂದು ಕಣ್ಣಿಗೆ ಕಾಣಾಕತ್ತಿರೂವಾಗ ಸತ್ತಾನ ಅನ್ನಾಕ ಹೆಂಗ ಬರ್ತೈತಿ? ಮೋಶೆ ಸೋಫರ್ ನಾಡೀನೂ ಹೇಳ್ಯಾರಲ್ಲ? ರಬ್ಬಿ ಶ್ಲೋಮೋ ಝಲ್ಮಾನ್ ಅವರ್‌ಬಾಖ್ ಕೂಡ ಭಾಳ ಹಿಂಜರಿದ್ರು. ಅವ್ರ ಸಂಶಯ ಬಗೆಹರಿಸಾಕ 1992ರಾಗ ಇಸ್ರೇಲ್‌ನಾಗ ಒಂದು ಗಬ್ಬದ ಕುರಿ ಮ್ಯಾಲ ಪ್ರಯೋಗ ಮಾಡಿದ್ರು, ತಲಿ ಪೂರಾ ಕಡದು ಮೈಯನ್ನ ವೆಂಟಿಲೇಟರ್ ಮ್ಯಾಲ ಇಟ್ರು, ಹೃದಯ ಬಡ್ಕೋತ ಇತ್ತು. ತಲಿನ ಇಲ್ಲದ ಕುರಿ ಬದುಕೈತಿ ಅನ್ನಾಕ ಬರೂದಿಲ್ಲಲ್ಲ, ಅಂದ್ರ ಎದಿ ಬಡಿತ ಒಂದೇ ಜೀವದ ಗುರ್ತಲ್ಲ ಅಂತಾತು. ಓದೂವಾಗ ಮೈ ಝುಂ ಅಂತು ನನಗ, ಆದ್ರ ಅವ್ರು ಎಷ್ಟ ದೂರ ಹೋಗಿ ಖಾತ್ರಿ ಮಾಡ್ಕೊಳಾಕ ನೋಡಿದ್ರು ಅನ್ನೂದೂ ತಿಳೀತು. ಅಷ್ಟಾದ್ರೂ ಅವರ್‌ಬಾಖ್ ಎದಿ ಬಡಿತದ ಮಾತನ್ನ ಬಿಟ್ರೂ ಪೂರಾ ಮೆದುಳು ಸತ್ತೈತಿ ಅನ್ನೂದು ಹೆಂಗ ಖಾತ್ರಿ ಅನ್ನೂದನ್ನ ಬಿಡಲಿಲ್ಲ.

ಎರಡೂ ಪಕ್ಷಕ್ಕೂ ಹೆದರಿಕಿ ಒಂದೇ, ಒಂದು ಜೀವ ತಗೀಬಾರ್ದು. ಒಬ್ಬರಿಗೆ ಕಾಣೂದು ಬೆಡ್ ಮ್ಯಾಲ ಮಲಗಿದವನ ಜೀವ, ಇನ್ನೊಬ್ಬರಿಗೆ ಕಾಣೂದು ಹೃದಯಕ್ಕ ಕಾಯ್ಕೋತ ಬೇರೆ ವಾರ್ಡ್‌ನ್ಯಾಗ ಮಲಗಿದವನ ಜೀವ. ಜೀವ ಉಳಿಸಾಕ ಹೆಚ್ಚೂ ಕಡಿಮಿ ಎಲ್ಲಾ ನಿಯಮ ಮುರಿಬಹುದು ಅನ್ನೋ ಧರ್ಮದಾಗ ಈ ಇಬ್ಬರ ನಡುವ ಆಯ್ಕಿ ಮಾಡೂದು ಎಷ್ಟ ಕಠಿಣ ವಿಚಾರ ಮಾಡ್ರಿ. ಮತ್ತ ಇನ್ನೊಂದು ಚುಚ್ಚೋ ಪ್ರಶ್ನಿ ಬಂತು: ಮೆದುಳಿನ ಸಾವು ಒಪ್ಪದವ್ರು ಹೃದಯ ಕೊಡೂದಿಲ್ಲ, ಸರಿ, ಆದ್ರ ತಮಗ ಬೇಕಾದಾಗ ಬ್ಯಾರೇರ್ದು ತಗೋಬಹುದೇನು? ಇಸ್ರೇಲ್ 2008ರ ಕಸಿ ಕಾನೂನಿನ್ಯಾಗ, ದಾನದ ಕಾರ್ಡಿಗೆ ಸಹಿ ಮಾಡಿದವ್ರಿಗೆ ಅಂಗ ಹಂಚೂವಾಗ ಆದ್ಯತೆ ಕೊಟ್ಟೈತಿ. ನನ್ನ ಮನಸ್ಸಿಗೆ ಇದು ನ್ಯಾಯ ಅನ್ನಿಸ್ತೈತಿ, ಖರೆ ಅಂದ್ರ ನಮ್ಮ ದೇಶದಾಗೂ ಇದರ ಬಗ್ಗೆ ಮಾತಾಡ್ಬೇಕು. ಅದೇ ವರ್ಷ ಅವ್ರು ಮೆದುಳು ಮತ್ತ ಉಸಿರಾಟದ ಸಾವಿನ ಕಾನೂನೂ ಮಾಡಿದ್ರು, ಡಾಕ್ಟರ್ ಪರೀಕ್ಷಾ ಒಂದೇ ಸಾಲೂದಿಲ್ಲ, ಯಂತ್ರದ ಪರೀಕ್ಷಾನೂ ಬೇಕು, ಮತ್ತ ರೋಗಿಯ ನಂಬಿಕಿಗೆ ಇದು ವಿರುದ್ಧ ಅಂತ ಮನಿಯವ್ರು ಹೇಳಿದ್ರ ಎದಿ ನಿಲ್ಲೂ ತನಕ ವೆಂಟಿಲೇಟರ್ ತಗಿಯೂದಿಲ್ಲ. ಅಮೆರಿಕಾದ ನ್ಯೂಜೆರ್ಸಿ ರಾಜ್ಯ 1991ರಾಗನ ಧರ್ಮದ ಕಾರಣಕ್ಕ ಮೆದುಳಿನ ಸಾವು ಒಪ್ಪದವ್ರಿಗೆ ಅಂಥದ್ದೇ ಅವಕಾಶ ಕೊಟ್ಟೈತಿ.

ಈಗ ನಮ್ಮ ಕಡೆ ಬರೂಣು. 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ನಾಲ್ಕು ಮಂದಿ ಡಾಕ್ಟರ್ ಕೂಡಿ, ಕಮ್ಮೀತಕಮ್ಮಿ 6 ತಾಸು ಬಿಟ್ಟು ಎರಡು ಸಲ ಪರೀಕ್ಷಾ ಮಾಡಿ ಬ್ರೇನ್ ಸ್ಟೆಮ್ ಡೆತ್ (ಮೆದುಳಿನ ಕಾಂಡದ ಸಾವು) ಅಂತ ಬರೀಬೇಕು. ಅದರಾಗ ಅತಿ ಮುಖ್ಯ ಆಪ್ನಿಯಾ ಟೆಸ್ಟ್. ವೆಂಟಿಲೇಟರ್ ಬಿಡಿಸಿ, ಸಣ್ಣ ನಳಿಯಿಂದ ಆಕ್ಸಿಜನ್ ಮಾತ್ರ ಬಿಟ್ಟು, ರಕ್ತದಾಗ ಕಾರ್ಬನ್ ಡೈಆಕ್ಸೈಡ್ ಒತ್ತಡ 60 mmHg ದಾಟೂ ತನಕ ಎದಿ, ಹೊಟ್ಟಿ ಏನರ ಏಳ್ತೈತೇನು ಅಂತ ಕಣ್ಣು ಮಿಟುಕಿಸದಂಗ ನೋಡ್ತೀವಿ. ಮೆದುಳಿನ ಕಾಂಡದಾಗ ಒಂಚೂರು ಜೀವ ಇದ್ರೂ ಅಷ್ಟ ಕಾರ್ಬನ್ ಡೈಆಕ್ಸೈಡಿಗೆ ಒಂದು ಉಸಿರು ಬಂದೇ ಬರ್ತೈತಿ. ಆ ಹೊತ್ತಿನ್ಯಾಗ ರೂಮಿನ್ಯಾಗ ಯಾರೂ ಮಾತಾಡೂದಿಲ್ಲ. ಯೋಮಾ ಓದಿದ ಮ್ಯಾಲ ನನಗ ಆ ಟೆಸ್ಟ್ ಅಂದ್ರ ಗ್ವಾಡಿ ಕೆಳಗಿನವನ ಮೂಗು ನೋಡೂದನ್ನ ಅನ್ನಿಸಾಕತ್ತೈತಿ, ಮತ್ತ ಮನಿಯವ್ರಿಗೂ ಈಗ ನಾ ಹಂಗೇ ಹೇಳ್ತೀನಿ, ಮಷೀನ್ ಬಿಡಿಸಿ ಸ್ವಂತ ಉಸಿರು ಬರ್ತೈತೇನು ಅಂತ ಎರಡು ಸಲ ನೋಡೀವ್ರಿ, ಬರಲಿಲ್ರಿ ಅಂತ. ಬ್ರೇನ್ ಡೆತ್ ಅಂದ್ರ ತಿಳಿಯದವ್ರಿಗೆ ಉಸಿರು ಬರಲಿಲ್ಲ ಅಂದ್ರ ತಿಳೀತೈತಿ.

2021ರ ಜೂನ್‌ನಾಗ ನಟ ಸಂಚಾರಿ ವಿಜಯ್ ಬೈಕ್ ಅಪಘಾತ ಆಗಿ ಬೆಂಗಳೂರಿನ್ಯಾಗ ದಾಖಲಾದಾಗ, ತೀರ್ಕೊಂಡ್ರು ಅಂತ ಒಬ್ರು, ಇನ್ನೂ ಇದ್ದಾರ ಅಂತ ಇನ್ನೊಬ್ರು, ಇಡೀ ರಾಜ್ಯ ಗೊಂದಲದಾಗಿತ್ತು ನೆನಪೈತೇನು? ಮನಿಯವ್ರು ಅಂಗದಾನಕ್ಕ ಒಪ್ಪಿದ್ರು, ದೊಡ್ಡ ಮನಸ್ಸು ಅವ್ರದ್ದು. ಅವತ್ತಿನ ಗೊಂದಲ ಮಂದಿ ತಪ್ಪಲ್ಲ. ನಮ್ಮ ಕಾನೂನಿನ್ಯಾಗನ ಬಿರುಕೈತಿ. ಬ್ರೇನ್ ಸ್ಟೆಮ್ ಡೆತ್ ಬರೂದು ಕಸಿ ಕಾನೂನಿನ್ಯಾಗ ಮಾತ್ರ, 1969ರ ಜನನ ಮರಣ ನೋಂದಣಿ ಕಾನೂನು ಮರಣ ಅಂದ್ರ ಜೀವದ ಎಲ್ಲಾ ಗುರ್ತೂ ಶಾಶ್ವತ ಹೋಗೂದು ಅಂತೈತಿ. ಹಿಂಗಾಗಿ ಮನಿಯವ್ರು ದಾನಕ್ಕ ಹೂಂ ಅಂದ್ರ ಆ ಹುಡುಗ ಸತ್ತಂಗ, ಬ್ಯಾಡ ಅಂದ್ರ ಅವ ಇನ್ನೂ ಪೇಷಂಟ್, ಡಾಕ್ಟರ್‌ಗೂ ವೆಂಟಿಲೇಟರ್ ತಗೀಲಿಕ್ಕೆ ಧೈರ್ಯ ಇಲ್ಲ, ಎದಿ ನಿಲ್ಲೂ ತನಕ ದಿನಾ ಬಿಲ್ ಏರ್ತೈತಿ, ಹೊರಗ ಕುಂತ ಅಪ್ಪ ಹೊಲಾ ಅಡವಿಡೂ ಮಾತಾಡ್ತಾನ. ಇದು ನೋಡೂದು ಭಾಳ ಕಷ್ಟ ಆಗ್ತೈತ್ರಿ. ಕೇರಳ ಸರ್ಕಾರ 2020ರಾಗ ದಾನ ಇರ್ಲಿ ಬಿಡ್ಲಿ ಬ್ರೇನ್ ಡೆತ್ ಸರ್ಟಿಫಿಕೇಟ್ ಹೆಂಗ ಕೊಡ್ಬೇಕು ಅಂತ ಮಾರ್ಗಸೂಚಿ ತಂದೈತಿ.

ಇನ್ನ ಮೆದುಳು ಸತ್ತಿಲ್ಲ, ಆದ್ರ ಜೀವ ಹೊಂಟೈತಿ, ಅಂಥವ್ರ ಮಾತು. ಯಹೂದಿ ಶಾಸ್ತ್ರದಾಗ ಅಂಥವ್ರಿಗೆ ಗೊಸೇಸ್ ಅಂತಾರ, ಅವ ಎಲ್ಲಾದ್ರಾಗೂ ಪೂರಾ ಜೀವಂತ ಮನಷ್ಯಾ. ಅವನ್ನ ಸುಮ್ನ ಮುಟ್ಟಂಗಿಲ್ಲ, ಅಲಗ್ಯಾಡಿಸಂಗಿಲ್ಲ, ಆರಾಕ ಬಂದ ದೀಪ ಇದ್ದಂಗ, ಬೆರಳು ಇಟ್ರ ಆರ್ತೈತಿ ಅಂತ ತಾಲ್ಮುಡ್ ಹೇಳ್ತೈತಿ. ಜೀವ ಲಗೂನ ಹೋಗ್ಲಿ ಅಂತ ತಲಿದಿಂಬು ಎಳಿಯಂಗಿಲ್ಲ, ಸಿನಗಾಗ್, ಅಂದ್ರ ಅವ್ರ ಪ್ರಾರ್ಥನಾ ಮಂದಿರದ ಕೀಲಿ ತಂದು ತಲಿ ಕೆಳಗ ಇಡಂಗಿಲ್ಲ, ಇವನ್ನ ಹೆಸರು ಹಿಡಿದು ಬ್ಯಾಡ ಅಂದಾರ, ಅಂದ್ರ ಮಂದಿ ಅದನ್ನ ಮಾಡ್ತಿದ್ರು ಅಂತಾತಲ್ಲ. ನಮ್ಮ ಹಳ್ಳ್ಯಾಗ ಏನ್ ಮಾಡ್ತೀವಿ? ಜೀವ ಹೋಗವಲ್ದು ಅಂತ ಹೊರಸಿನಿಂದ ಕೆಳಗ ಇಳಸ್ತೀವಿ, ಬಾಯಿಗೆ ನೀರು ಬಿಡ್ತೀವಿ, ದೂರದಾಗಿನ ಮಗನ್ನ ಕರಸ್ತೀವಿ, ಯಾರ ದಾರಿ ನೋಡಾಕತ್ತಾಳೋ ಏನೋ ಅಂತ. ನಮ್ಮಜ್ಜಿನ ಕೆಳಗ ಇಳಸೂವಾಗ ಆಕಿ ಮುಲುಗಿದ್ದು ನನಗ ಇನ್ನೂ ಕೇಳಸ್ತೈತಿ. ಪ್ರೀತಿಯಿಂದನ ಮಾಡಿದ್ರು ಎಲ್ಲಾರೂ. ಆದ್ರೂ ಮುಟ್ಟಬ್ಯಾಡ್ರಿ ಅನ್ನೋ ಆ ನಿಯಮ ನನಗ ಈ ಒಂದು ವಿಷಯದಾಗ ಹೆಚ್ಚು ಕರುಣಿ ಇದ್ದದ್ದು ಅನ್ನಿಸ್ತೈತಿ.

ಆದ್ರ ಅವ್ರು ಅಲ್ಲಿಗೇ ನಿಲ್ಲಲಿಲ್ಲ. ಹದಿನಾರನೇ ಶತಮಾನದ ಪೋಲೆಂಡಿನ ರಬ್ಬಿ ಮೋಶೆ ಇಸ್ಸರ್ಲೆಸ್, ಬಾಗಲದ ಹೊರಗ ಕಟಗಿ ಒಡಿಯೂ ಸಪ್ಪಳ ಜೀವ ಹೋಗೂದನ್ನ ತಡೀತಿದ್ರ ಆ ಸಪ್ಪಳ ನಿಲ್ಲಸಬಹುದು, ನಾಲಗಿ ಮ್ಯಾಲಿನ ಉಪ್ಪು ತಡೀತಿದ್ರ ತಗೀಬಹುದು ಅಂತ ಬರದ್ರು. ಸಾವನ್ನ ತರಂಗಿಲ್ಲ, ಆದ್ರ ಹೋಗೂ ಜೀವಕ್ಕ ಅಡ್ಡ ನಿಂತಿದ್ದನ್ನ ಸರಸಬಹುದು. ಅದಕ್ಕೂ ಹಳೇದು ಒಂದು ಕತಿ, ರಬ್ಬಿ ಯೆಹೂದಾ ಹನಾಸಿ ಭಾಳ ನರಳಾಕತ್ತಿದ್ರು, ಶಿಷ್ಯರು ಬಿಡದೆ ಪ್ರಾರ್ಥನಾ ಮಾಡಿ ಅವ್ರನ್ನ ಹಿಡಿದಿಟ್ಟಿದ್ರು, ಮನಿ ಕೆಲಸದ ಹೆಣ್ಣಮಗಳು ಮಾಳಗಿ ಮ್ಯಾಲ ನಿಂತು ಒಂದು ಗಡಗಿ ಕೆಳಗ ಒಗದ್ಲು, ಸಪ್ಪಳಕ್ಕ ಪ್ರಾರ್ಥನಾ ಒಂದು ಕ್ಷಣ ನಿಂತು, ಅವ್ರ ಜೀವ ಹೋತು. ತಾಲ್ಮುಡ್ ಆಕಿನ್ನ ಬೈಯೂದಿಲ್ಲ. ರೋಗಿ ಹತ್ರ ಹಗಲು ರಾತ್ರಿ ಇದ್ದು, ಅವ್ರ ಕಷ್ಟ ಕಣ್ಣಾರೆ ನೋಡಿದಾಕಿ ಆಕಿ. ಈ ಹೆಣ್ಣಮಗಳ ಬಗ್ಗೆ ಓದಿದ ರಾತ್ರಿ ನಾ ಭಾಳ ಹೊತ್ತು ನಿದ್ದಿ ಮಾಡಲಿಲ್ಲ.

ಆಗ ವೆಂಟಿಲೇಟರ್ ಏನು, ಕಟಗಿ ಒಡಿಯೂ ಸಪ್ಪಳನೋ, ಉಸಿರನೋ? ಇಸ್ರೇಲ್‌ನ 2005ರ ಸಾವಿನ ಅಂಚಿನ ರೋಗಿಗಳ ಕಾನೂನು ಇದಕ್ಕ ಒಂದು ದಾರಿ ಹುಡಿಕ್ತು, ಅದನ್ನ ತಯಾರು ಮಾಡಿದ ಕಮಿಟಿಗೆ ರಬ್ಬಿನೂ ನರರೋಗ ತಜ್ಞರೂ ಆದ ಅವ್ರಹಾಮ್ ಸ್ಟೈನ್‌ಬರ್ಗ್ ಮುಖ್ಯಸ್ಥರು. ನಿರಂತರ ನಡಿಯೂ ಚಿಕಿತ್ಸಾ ನಡುವ ನಿಲ್ಲಸಂಗಿಲ್ಲ, ಆದ್ರ ಸರತಿ ಮ್ಯಾಲ ಕೊಡೂ ಚಿಕಿತ್ಸಾ ಮುಂದಿನ ಸರತಿಗೆ ಕೊಡದ ಇರಬಹುದು. ಹಂಗಾದ್ರ ವೆಂಟಿಲೇಟರ್‌ಗೆ ಟೈಮರ್ ಇಡೂಣು ಅಂದ್ರು, ಶಬ್ಬಾತ್ ದಿನ ದೀಪ ಹತ್ತಿಸಾಕ ಯಹೂದಿಗಳ ಮನ್ಯಾಗ ಟೈಮರ್ ಇರ್ತೈತಿ, ಅದೇ ವಿಚಾರ. ಟೈಮ್ ಮುಗಿಯೂದ್ರೊಳಗ ರೋಗಿಯ ಇಚ್ಛಾ ನೋಡಿ ಮತ್ತ ಹಚ್ಚೂದೋ ಬಿಡೂದೋ ನಿರ್ಧಾರ ಮಾಡ್ಬೇಕು. ಯಾರದೂ ಕೈ ಸಾವಿನ ಸ್ವಿಚ್ ಮ್ಯಾಲ ಇರೂದಿಲ್ಲ. ಡಾಕ್ಟರ್ ಒಬ್ಬರು ಇದು ಕಣ್ಕಟ್ಟು ಅಂದ್ರು ನನಗ, ಬಿಚ್ಚಿದ್ರೂ ಅಷ್ಟ, ಹಚ್ಚದಿದ್ರೂ ಅಷ್ಟ ಅಂತ. ನಾ ಒಪ್ಪೂದಿಲ್ಲ. ಟ್ಯೂಬ್ ಕೈಯಾರೆ ತಗದವ್ರಿಗೆ ಫರಕ್ ಗೊತ್ತೈತಿ.

ನಮ್ಮ ಭಾಗಕ್ಕ ಈ ವಿಚಾರ ಹೊಸದಲ್ಲ. ಚಿಕ್ಕೋಡಿ ಕಡೆಯ ಭೋಜದ ಆಚಾರ್ಯ ಶಾಂತಿಸಾಗರರು 1955ರಾಗ ಅನ್ನ ನೀರು ಬಿಡೂ ಸಲ್ಲೇಖನ ವ್ರತ ತಗೊಂಡು ದೇಹ ಬಿಟ್ರು, ಇವತ್ತಿಗೂ ಜೈನರ ಮನ್ಯಾಗ ಅವ್ರ ಫೋಟೋ ಇರ್ತೈತಿ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ಕ್ಕ ಹೋದ್ರು, ತಮ್ಮ ದೇಹ ಏನ್ ಮಾಡ್ಬೇಕು ಅಂತ ಮೊದಲ ಬರದಿಟ್ಟಿದ್ರು, ಅಗ್ನಿಗೆ ಕೊಡ್ರಿ, ಸ್ಮಾರಕ ಬ್ಯಾಡ ಅಂತ, ಲಕ್ಷಾಂತರ ಮಂದಿ ಅದನ್ನ ಒಪ್ಪಿ ನಡಕೊಂಡ್ರು. ಬೈಲಹೊಂಗಲದ ಡಾ. ಮಹಾಂತೇಶ ರಾಮಣ್ಣವರ ದೇಹದಾನ ಮಾಡಿದ್ದ ತಮ್ಮ ತಂದಿಯ ದೇಹಾನ ತಾವ ವಿದ್ಯಾರ್ಥಿಗಳ ಮುಂದ ಛೇದನ ಮಾಡಿದ್ರು, 2010ರಾಗ, ಇಲ್ಲೇ ಬೆಳಗಾವಿಯೊಳಗ. ತಂದಿ ಮಾತು ಹಂಗಿತ್ತು, ಮಗ ನಡಿಸಿದ. ಮುಂಚೇನ ಹೇಳಿಟ್ಟ ಮಾತಿಗೆ ನಮ್ಮ ಮಂದಿ ಇಷ್ಟ ಬೆಲಿ ಕೊಡ್ತಾರ, ಆದ್ರ ಐಸಿಯುಕ್ಕ ಬರೂ ನೂರರಾಗ ನೂರು ಮನಿಯವ್ರ ಹತ್ರ ರೋಗಿ ಏನ್ ಬಯಸಿದ್ದ ಅಂತ ಕೇಳಿದ್ರ ಉತ್ತರ ಇರೂದಿಲ್ಲ, ಅಂಥ ಮಾತು ಮನ್ಯಾಗ ಆಡೂದು ಅಪಶಕುನ ಅಂತಾರ.

2018ರಾಗ ಸುಪ್ರೀಂ ಕೋರ್ಟ್ ಘನತೆಯ ಸಾವಿನ ಹಕ್ಕು ಒಪ್ಪಿಕೊಂಡೈತಿ, 2023ರಾಗ ಅದರ ನಿಯಮ ಸಡಲ ಮಾಡೈತಿ, 2025ರ ಜನವರಿಯೊಳಗ ಕರ್ನಾಟಕ ಸರ್ಕಾರ ಅದನ್ನ ಜಾರಿ ಮಾಡಾಕ ಆದೇಶ ಕೊಟ್ಟೈತಿ. ಮುಂದ ಮಾತಾಡಾಕ ಆಗದಿದ್ರ ಯಾವ ಚಿಕಿತ್ಸಾ ಬೇಕು, ಯಾವುದು ಬ್ಯಾಡ ಅಂತ ಬರದಿಡೂ ಮುಂಗಡ ಇಚ್ಛಾಪತ್ರ ಬರಿಯಾಕ ದೊಡ್ಡ ಖರ್ಚಿಲ್ರಿ. 18 ದಾಟಿರ್ಬೇಕು, ಬುದ್ಧಿ ಸ್ವಾಧೀನದಾಗಿರ್ಬೇಕು, ಇಬ್ಬರು ಸಾಕ್ಷಿ ಮುಂದ ಸಹಿ, ನೋಟರಿ ಇಲ್ಲಾ ಗೆಜೆಟೆಡ್ ಅಧಿಕಾರಿ ದೃಢೀಕರಣ, ನಮ್ಮ ಪರವಾಗಿ ಯಾರು ಮಾತಾಡ್ಬೇಕು ಅಂತ ಅವ್ರ ಹೆಸರು. ಏನ್ ಬರೀಬೇಕು ಅನ್ನೂದು ನಿಮ್ಮ ನಂಬಿಕಿ. ಎದಿ ನಿಲ್ಲೂ ತನಕ ಮಷೀನ್ ತಗೀಬ್ಯಾಡ್ರಿ ಅಂತ ಬರದ್ರೂ ಅದನ್ನ ಗೌರವದಿಂದ ನೋಡ್ತೀನಿ ನಾ, ರಬ್ಬಿ ಎಲ್ಯಾಶಿವ್‌ರ ವಾದ ಓದಿದ ಮ್ಯಾಲಂತೂ. ನನ್ನದ್ರಾಗ ನಾ ಬರದದ್ದು: ಎರಡು ಸಲ ಆಪ್ನಿಯಾ ಟೆಸ್ಟ್ ಮಾಡಿ ಉಸಿರು ಬರಲಿಲ್ಲ ಅಂದ್ರ ನಾ ಸತ್ತೀನಿ, ಹೃದಯ, ಕಿಡ್ನಿ, ಕಣ್ಣು ಯಾರಿಗೆ ಬೇಕೋ ಅವ್ರಿಗೆ ಕೊಡ್ರಿ. ಅಂಗದಾನದ ಹೆಸರು ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯೊಳಗ ಹಚ್ಚೂದು. ಮತ್ತ ದಾನಕ್ಕ ಬ್ಯಾಡ ಅಂದವ್ರ ಮನಿ ಹುಡುಗ್ರಿಗೂ ಸಾವಿನ ಸರ್ಟಿಫಿಕೇಟ್ ಯಾವಾಗ, ಹೆಂಗ ಅನ್ನೂದನ್ನ ಕೇರಳದಂಗ ನಮ್ಮ ಸರ್ಕಾರನೂ ಬರದು ಕೊಡ್ಲಿ, ಇದನ್ನ ಓದೂ ಡಾಕ್ಟರ್, ವಕೀಲರು ಯಾರರ ಇದ್ರ ಇದನ್ನ ಎತ್ತಿ ಮಾತಾಡ್ರಿ, ನಾವು ನರ್ಸ್‌ಗಳು ನಿಮ್ಮ ಜೋಡಿ ಬರ್ತೀವಿ.